ಬಿಡಿಸಿ ಜೋಡಿಸುವ ಹೃದಯದ ಮಾದರಿ: ಒಂದು ವರ್ಷ ಬಳಸಿದ ಮೇಲೆ

ಪಿಯುಸಿ ಜೀವಶಾಸ್ತ್ರದ ತರಗತಿಗೆಂದು ತರಿಸಿದ ಈ ಪ್ಲಾಸ್ಟಿಕ್ ಮಾದರಿಯ ದೊಡ್ಡ ಗುಣವೆಂದರೆ ಗೋಡೆಗಳ ದಪ್ಪವನ್ನು ಸರಿಯಾಗಿ ತೋರಿಸಿರುವುದು. ಇಡೀ ದೇಹಕ್ಕೆ ರಕ್ತವನ್ನು ತಳ್ಳಬೇಕಾದ ಎಡ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆಯ) ಗೋಡೆಯು, ಪಕ್ಕದ ಶ್ವಾಸಕೋಶಗಳಿಗಷ್ಟೇ ಕಳುಹಿಸುವ ಬಲ ಹೃತ್ಕುಕ್ಷಿಯ ಗೋಡೆಗಿಂತ ಸುಮಾರು ಮೂರು ಪಟ್ಟು ದಪ್ಪವಿದ್ದು, ಎರಡನ್ನೂ ಬೆರಳುಗಳ ನಡುವೆ ಹಿಡಿದು ನೋಡಿದ ವಿದ್ಯಾರ್ಥಿಗಳು ಕಾರಣವನ್ನು ತಾವೇ ಹೇಳಿಬಿಡುತ್ತಾರೆ. ಗಾಳಿಗೆ ಕೊಡೆ ಮಗುಚುವಂತೆ ಕವಾಟಗಳು ಹಿಂದಕ್ಕೆ ಮಗುಚದಂತೆ ತಡೆಯುವ ಸಣ್ಣ ತಂತುಗಳನ್ನೂ ಬಿಟ್ಟಿಲ್ಲ.

ಆದರೆ ಹೃದಯವೆಂದರೆ ಚಲನೆ. ಕ್ಯಾಲ್ಸಿಯಂ ಅಯಾನುಗಳು ಏರಿದೊಡನೆ ಸ್ನಾಯುವಿನ ಆಕ್ಟಿನ್ ಎಂಬ ಪ್ರೋಟೀನ್ ತಂತುಗಳ ಮೇಲೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಜಾರಿ, ಸುರುಳಿಯಾಗಿ ಹೆಣೆದ ಸ್ನಾಯು ತಿರುಚಿಕೊಂಡು, ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಐದು ಲೀಟರ್‌ನಷ್ಟು ರಕ್ತವನ್ನು ಹೊರದೂಡುವುದನ್ನು ಇದು ತೋರಿಸಲಾರದು. ಅದಕ್ಕೆ ನಾನು ಒದ್ದೆ ಟವೆಲ್ಲನ್ನು ಹಿಂಡಿ ತೋರಿಸುತ್ತೇನೆ, ಮೇಜು ನೆನೆದರೂ ಪಾಠ ಮನಸ್ಸಿನಲ್ಲಿ ಉಳಿಯುತ್ತದೆ. ಬಡಿತಕ್ಕೆ ಚಾಲನೆ ಕೊಡುವ ಎಸ್‌ಎ ನೋಡ್ ಅನ್ನು ಬಲ ಹೃತ್ಕರ್ಣದಲ್ಲಿ (ಮೇಲಿನ ಕೋಣೆಯಲ್ಲಿ) ಗುರುತಿಸದಿರುವುದು ಮಾತ್ರ ಕ್ಷಮಿಸಲಾಗದ ಲೋಪ. ಅಲ್ಲಿ ನಾನೇ ಹಳದಿ ಚುಕ್ಕೆ ಇಟ್ಟಿದ್ದೇನೆ. ಮಹಾಪಧಮನಿಯ ತುಂಡನ್ನು ಹಿಡಿದಿಡುವ ಅಯಸ್ಕಾಂತ ಮೂರನೇ ತಿಂಗಳಲ್ಲೇ ಕಳಚಿಬಿತ್ತು. ಮಾರಿದವರಿಗೆ ಎರಡು ಬಾರಿ ಬರೆದರೂ ಉತ್ತರ ಬರಲಿಲ್ಲವಾದ್ದರಿಂದ, ಈಗ ಅದು ಅಂಟಿನ ಆಸರೆಯಲ್ಲಿ ನಿಂತಿದೆ.