ಹಂಪನಕಟ್ಟೆಯ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ 22 ಅಕ್ಷರಗಳು

ಮೂವತ್ತೊಂದು ವರ್ಷ ಮಂಗಳೂರಿನ ಮುದ್ರಣಾಲಯದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವನು ನಾನು. ಹಂಪನಕಟ್ಟೆಯ ಓಣಿಯೊಂದರಲ್ಲಿರುವ ಹಳೆ ಪುಸ್ತಕದಂಗಡಿಗೆ ಹೋಗಿ, "ಅಕ್ಷರಗಳ ಬಗ್ಗೆ ಏನಾದರೂ ಇದೆಯೇ?" ಎಂದು ಕೇಳಿದೆ. ಅಂಗಡಿಯವರು ಏಣಿ ಹತ್ತಿ, ಯೆಹೂದಿ ಅನುಭಾವದ ಹುಟ್ಟಿನ ಕುರಿತ ಇಂಗ್ಲಿಷ್ ಪುಸ್ತಕವೊಂದನ್ನು ಇಳಿಸಿ, ಧೂಳು ಒರೆಸಿ ಕೊಟ್ಟರು. "ಕೂತು ಓದಿ ನೋಡಿ ಮಾರಾಯರೇ. ಕೊನೆಯ ನಾಲ್ಕು ಹಾಳೆ ಹುಳ ತಿಂದಿದೆ, ಮೊದಲೇ ಹೇಳಿಬಿಡುತ್ತೇನೆ" ಎಂದರು. ಬೆಲೆ 180 ರೂಪಾಯಿ.

ಈ ಪರಂಪರೆಯ ಹಳೆಯ ಬೇರು ಒಂದು ರಥದ ದರ್ಶನ. ಕ್ರಿ.ಪೂ. 6ನೇ ಶತಮಾನದಲ್ಲಿ, ಬ್ಯಾಬಿಲೋನಿನಲ್ಲಿ ಸೆರೆಯಾಳಾಗಿದ್ದ ಪ್ರವಾದಿ ಯೆಹೆಜ್ಕೇಲನು ಕೆಬಾರ್ ನದಿಯ ದಡದಲ್ಲಿ ಕಂಡದ್ದು. ಮುಂದಿನ ಅನುಭಾವಿಗಳು ಸ್ವರ್ಗದ ಏಳು ಅರಮನೆಗಳನ್ನು ದಾಟಿ, ಬಾಗಿಲು ಬಾಗಿಲಿಗೂ ಕಾವಲುಗಾರರಿಗೆ ಮುದ್ರೆ ತೋರಿಸಿ, ಆ ರಥದ ಮೇಲಿನ ದೇವರ ಸಿಂಹಾಸನವನ್ನು ಕಾಣಲು ಹಂಬಲಿಸಿದರು. ತಾನಾಗಿ ಗ್ರಹಿಸಬಲ್ಲ ಜ್ಞಾನಿಯ ಹೊರತು ಒಬ್ಬನಿಗೂ ಈ ರಥದ ವಿಷಯ ಬೋಧಿಸಬಾರದೆಂದು ಯೆಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಕಟ್ಟುನಿಟ್ಟು ಮಾಡಿದೆ.

ನನ್ನನ್ನು ಕುರ್ಚಿಯಿಂದ ಏಳಲು ಬಿಡದಿದ್ದುದು 'ಸೆಫೆರ್ ಯೆಟ್ಸಿರಾ', ಅಂದರೆ ಸೃಷ್ಟಿಯ ಪುಸ್ತಕ, ಎಂಬ ಪುಟ್ಟ ಕೃತಿಯ ಅಧ್ಯಾಯ. ಹತ್ತು ಸೆಫಿರೋತ್, ಅಂದರೆ ಮೂಲ ಸಂಖ್ಯೆಗಳು, 22 ಹೀಬ್ರೂ ಅಕ್ಷರಗಳು, ಒಟ್ಟು 32 ದಾರಿಗಳಿಂದ ಲೋಕ ಹುಟ್ಟಿತಂತೆ. ದೇವರು ಅಕ್ಷರಗಳನ್ನು ಕೊರೆದ, ಕೆತ್ತಿದ, ತೂಗಿದ, ಅದಲುಬದಲು ಮಾಡಿ ಕೂಡಿಸಿದ. ಇದು ನಮ್ಮ ಕೆಲಸವಲ್ಲವೇ! ಅಕ್ಷರವೆಂದರೆ ಕಲ್ಲು, ಪದವೆಂದರೆ ಮನೆ: ಎರಡು ಕಲ್ಲಿಗೆ ಎರಡು ಮನೆ, ಮೂರಕ್ಕೆ ಆರು, ನಾಲ್ಕಕ್ಕೆ 24, ಏಳಕ್ಕೆ 5040. ಅಂಗಡಿಯವರಿಂದ ಚೀಟಿ ಕೇಳಿ ಪಡೆದು ಬರೆದೆ: ಕಮಲ, ಕಲಮ, ಮಕಲ, ಮಲಕ, ಲಕಮ, ಲಮಕ. ಆರೇ. ಸೀಸದ ಮಸಿ ಹತ್ತಿದ ಹೆಬ್ಬೆರಳು ನೆನಪಾಗಿ ಕಣ್ಣು ತುಂಬಿತು.

13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಈ ಪರಂಪರೆಯ ಮುಖ್ಯ ಗ್ರಂಥವಾದ 'ಜೋಹರ್' ಬರುವ ಹೊತ್ತಿಗೆ ಆ ಹತ್ತು ಸೆಫಿರೋತ್ ದೇವರ ಹತ್ತು ಶಕ್ತಿಗಳಾಗಿ ಬೆಳೆದಿದ್ದವು. ಆ ಭಾಗವನ್ನು ಪುಸ್ತಕ ಅವಸರದಲ್ಲಿ ಮುಗಿಸುತ್ತದೆ.

ಪುಸ್ತಕದಲ್ಲಿ ಇಲ್ಲದ ಸಂಗತಿಯೊಂದನ್ನು ಅಂಗಡಿಯವರು ಹೇಳಿದರು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ನಮ್ಮ ಮಂಗಳೂರಿನಲ್ಲೇ ವರ್ಷಗಟ್ಟಲೆ ನೆಲೆಸಿದ್ದ, ಆಶು ಎಂಬ ಇಲ್ಲಿನ ಹೆಣ್ಣಿನೊಡನೆ ಸಂಸಾರ ಹೂಡಿದ್ದ. ಅವನ ಪತ್ರಗಳು ಕೈರೋದ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಉಳಿದುಬಂದವು. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದೆಂದು ಅಲ್ಲಿ ಕೂಡಿಡುತ್ತಿದ್ದರಂತೆ. ಆ ಏಳು ಅರಮನೆಗಳ ಬರಹದ ಚೂರುಗಳೂ ಅದೇ ರಾಶಿಯಲ್ಲಿ ಸಿಕ್ಕಿವೆ. ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳಲು ನನಗೆ ಕಲಿಸಿದ್ದು ನನ್ನ ಅಮ್ಮ.

ಅಂಗಡಿಯಲ್ಲಿ ಇರುವುದು ಒಂದೇ ಕುರ್ಚಿ, ಫ್ಯಾನು ನಿಧಾನ. ಸಂಜೆ ಹೋದರೆ ಸಣ್ಣ ಅಕ್ಷರ ಓದುವಷ್ಟು ಬೆಳಕಿರುವುದಿಲ್ಲ. ಬೆಳಗ್ಗೆ ಹತ್ತಕ್ಕೇ ಹೋಗಿ. ಬೇಕಾದ ವಿಷಯವನ್ನು ಅವರಿಗೆ ಬಾಯಿಬಿಟ್ಟು ಹೇಳಿ, ಹುಡುಕಿ ಕೊಡುತ್ತಾರೆ.