3ಎಂ 6200 ಅರ್ಧಮುಖ ಮಾಸ್ಕ್: ಸ್ಕ್ರೀನ್ ಪ್ರಿಂಟಿಂಗ್ ಕೆಲಸಕ್ಕೆ ಇದೊಂದೇ ಸಾಲದು

ಮಾಸ್ಕ್ ಒಳ್ಳೆಯದು. ಹಗುರ, ಬಾಳಿಕೆ ಬರುತ್ತದೆ, ಆವಿ ಹೀರುವ ಇದ್ದಿಲು ತುಂಬಿದ ಕಾರ್ಟ್ರಿಜ್ ಬದಲಿಸುವುದೂ ಸುಲಭ. ಸ್ಟಿಕ್ಕರ್, ನೇಮ್‌ಪ್ಲೇಟ್, ಪ್ಲಾಸ್ಟಿಕ್ ಡಬ್ಬಿಗಳ ಮೇಲೆ ಸಾಲ್ವೆಂಟ್ (ಬಣ್ಣ ಕರಗಿಸುವ ದ್ರವ) ಇರುವ ಇಂಕಿನಲ್ಲಿ ಮುದ್ರಿಸುವ ಘಟಕಗಳಲ್ಲಿ ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್, ಎನ್95 ಕಟ್ಟಿಕೊಂಡು ನಿಲ್ಲುವವರು ಮೊದಲು ಅದನ್ನು ಬಿಟ್ಟು ಇದಕ್ಕೆ ಬರಬೇಕು. ಆ ಮೂರೂ ಧೂಳನ್ನೋ ಹನಿಯನ್ನೋ ತಡೆದಾವು, ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಆದರೆ ಮಕ್ಕಳಾಗಬೇಕೆಂದಿರುವ ಗಂಡಸು, ಹೆಂಗಸು ಯಾರೇ ಇದನ್ನು ಕೊಳ್ಳುತ್ತಿದ್ದರೂ ಒಂದು ಮಾತು ತಿಳಿದಿರಬೇಕು. ಆ ಕೋಣೆಯಲ್ಲಿ ಸಂತಾನಶಕ್ತಿಗೆ ಅತಿ ಹೆಚ್ಚು ಹಾನಿ ಮಾಡಬಲ್ಲ ಸಾಲ್ವೆಂಟ್ ಮೂಗಿನಿಂದಷ್ಟೇ ಅಲ್ಲ, ಚರ್ಮದಿಂದಲೂ ಒಳಹೋಗುತ್ತದೆ. ಬನಿಯನ್ ವೇಸ್ಟನ್ನು ಸಾಲ್ವೆಂಟಿನಲ್ಲಿ ಅದ್ದಿ ಬರಿಗೈಯಲ್ಲಿ ಸ್ಕ್ರೀನ್ ಒರೆಸುವವರಿಗೆ ಮಾಸ್ಕ್ ಅರ್ಧ ರಕ್ಷಣೆಯಷ್ಟೇ.

ಆ ಸಾಲ್ವೆಂಟ್ ಸೆಲೊಸಾಲ್ವ್. ಅಂಗಡಿಯಲ್ಲಿ ಒಂದೇ ಹೆಸರು ಹೇಳಿದರೂ ಅದರಲ್ಲಿ ಮೀಥೈಲ್, ಈಥೈಲ್, ಬ್ಯೂಟೈಲ್ ಎಂಬ ಮೂರು ಬಗೆಗಳಿವೆ. ಮೊದಲೆರಡು ಯಕೃತ್ತಿನಲ್ಲಿ ಮೀಥಾಕ್ಸಿ ಅಸಿಟಿಕ್, ಈಥಾಕ್ಸಿ ಅಸಿಟಿಕ್ ಆಮ್ಲಗಳಾಗಿ ಬದಲಾಗುತ್ತವೆ. ವೃಷಣದಲ್ಲಿ ಇನ್ನೂ ವಿಭಜನೆ ಮುಗಿಸದ ವೀರ್ಯಾಣುಕೋಶಗಳನ್ನು ಕೊಲ್ಲುವುದೂ, ಗರ್ಭದಲ್ಲಿ ಭ್ರೂಣದ ಅಂಗಗಳನ್ನು ಕೆಡಿಸುವುದೂ ಈ ಆಮ್ಲಗಳೇ. ಈಥೈಲ್ ಸೆಲೊಸಾಲ್ವ್ ಅಸಿಟೇಟ್ ಕೂಡ ದೇಹದೊಳಗೆ ಅದೇ ದಾರಿ ಹಿಡಿಯುತ್ತದೆ. ಮೀಥಾಕ್ಸಿ ಅಸಿಟಿಕ್ ಆಮ್ಲ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 77 ಗಂಟೆ ಬೇಕು. ಸೋಮವಾರ ಒಳಹೋದದ್ದು ಪೂರ್ತಿ ಹೊರಹೋಗುವ ಮೊದಲೇ ಮಂಗಳವಾರದ್ದು, ಬುಧವಾರದ್ದು ಸೇರುತ್ತದೆ. ಭಾನುವಾರದ ಒಂದು ರಜೆಯಲ್ಲಿ ಲೆಕ್ಕ ಚುಕ್ತಾ ಆಗುವುದಿಲ್ಲ. ಬ್ಯೂಟೈಲ್ ಬಗೆಯ ಮುಖ್ಯ ಹಾನಿ ಕೆಂಪು ರಕ್ತಕಣಗಳಿಗೆ. ವೃಷಣದ ವಿಷಯದಲ್ಲಿ ಅದು ಉಳಿದೆರಡರಷ್ಟು ಕೆಟ್ಟದ್ದಲ್ಲ.

ಈಗ ಮಾಸ್ಕ್. 6100 ಸಣ್ಣದು, 6200 ಮಧ್ಯಮ, 6300 ದೊಡ್ಡದು. ಅಂಗಡಿಯವರು ಕೇಳದೆಯೇ 6200 ಕೊಟ್ಟರೆ ಸುಮ್ಮನೆ ತರಬೇಡಿ. ಸಣ್ಣ ಮುಖದವರಿಗೆ, ಅದರಲ್ಲೂ ಅನೇಕ ಹೆಂಗಸರಿಗೆ, 6100 ಬೇಕಾಗುತ್ತದೆ. ಕಾರ್ಟ್ರಿಜ್ ಜೋಡಿಯಾಗಿ ಬೇಕು. ಸಾಲ್ವೆಂಟಿನಂಥ ಸಾವಯವ ಆವಿಗೆ 6001, ಆಮ್ಲದ ಆವಿಯೂ ಇದ್ದರೆ 6003. ಸ್ಪ್ರೇ ಗನ್ ಬಳಸುವವರು ಅದರ ಮೇಲೆ ಹನಿ ತಡೆಯುವ 5ಎನ್11 ಪ್ಯಾಡ್ ಇಟ್ಟು 501 ಮುಚ್ಚಳ ಒತ್ತಬೇಕು. ಇಲ್ಲವಾದರೆ ಬಣ್ಣದ ಹನಿ ಇದ್ದಿಲನ್ನೇ ಮುಚ್ಚಿಬಿಡುತ್ತದೆ.

ಪ್ರತಿ ಸಲ ಹಾಕಿದಾಗಲೂ ಎರಡು ಪರೀಕ್ಷೆ ಮಾಡಿ. ಎರಡೂ ಕಾರ್ಟ್ರಿಜ್‌ಗಳನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆದರೆ ಮಾಸ್ಕ್ ಮುಖಕ್ಕೆ ಅಂಟಿಕೊಂಡು ಹಾಗೇ ನಿಲ್ಲಬೇಕು. ಮುಂದಿನ ವಾಲ್ವ್ ಮುಚ್ಚಿ ಮೆಲ್ಲಗೆ ಉಸಿರುಬಿಟ್ಟರೆ ಸ್ವಲ್ಪ ಉಬ್ಬಬೇಕು, ಅಂಚಿನಿಂದ ಗಾಳಿ ಹೋಗಬಾರದು. ಗಡ್ಡ ಇದ್ದರೆ ಎರಡೂ ಸರಿಬರುವುದಿಲ್ಲ. ಎರಡು ದಿನದ ಕೂದಲೂ ಸಾಕು ಸೋರಲು. ಚೆನ್ನಾಗಿ ಕೂತರೂ ಅರ್ಧಮುಖ ಮಾಸ್ಕಿನ ಅಂಗೀಕೃತ ರಕ್ಷಣೆ ಹತ್ತು ಪಟ್ಟು ಮಾತ್ರ, ಹೊರಗಿನ ಆವಿಯ ಹತ್ತನೇ ಒಂದು ಭಾಗ ಒಳಗೆ ಬರಬಹುದು. ಈಥೈಲ್ ಸೆಲೊಸಾಲ್ವ್‌ಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಹೇಳುವ ಮಿತಿ 0.5 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅರ್ಧ ಭಾಗ), ಮೀಥೈಲ್‌ಗೆ 0.1. ಎಂದರೆ ಕೋಣೆಯಲ್ಲಿ ಈಥೈಲ್ 5 ಪಿಪಿಎಂ ದಾಟಿದರೆ ಈ ಮಾಸ್ಕಿನ ಕೈಲಾಗುವುದು ಮುಗಿಯಿತು. ಕಿಟಕಿ ಮುಚ್ಚಿ, ಎಕ್ಸಾಸ್ಟ್ ಇಲ್ಲದೆ ಮುದ್ರಿಸುವ ಕೋಣೆಗೆ ಇದು ಪರಿಹಾರವಲ್ಲ. ಮೇಜಿನ ಪಕ್ಕದಲ್ಲೇ ಎಳೆಯುವ ಎಕ್ಸಾಸ್ಟ್ ಮೊದಲು ಬರಲಿ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಕಾರ್ಟ್ರಿಜ್ ವಿಷಯದಲ್ಲಿ. "ವಾಸನೆ ಬಂದಾಗ ಬದಲಿಸಿದರಾಯಿತು" ಎಂಬ ರೂಢಿ ಸೆಲೊಸಾಲ್ವ್‌ಗೆ ಸಲ್ಲದು, ಏಕೆಂದರೆ ಮೂಗಿಗೆ ಗೊತ್ತಾಗುವ ಹೊತ್ತಿಗೆ ಮೇಲೆ ಹೇಳಿದ ಮಿತಿ ದಾಟಿರುತ್ತದೆ. ಗಡಿಯಾರ ನೋಡಿ ಬದಲಿಸಬೇಕು. ಸುರಕ್ಷತಾ ತಜ್ಞರು ಬಳಸುವ ಅಂದಾಜು ಹೀಗಿದೆ: ಸಾಲ್ವೆಂಟಿನ ಕುದಿಬಿಂದು 70 ಡಿಗ್ರಿಗಿಂತ ಹೆಚ್ಚಿದ್ದು, ಗಾಳಿಯಲ್ಲಿ 200 ಪಿಪಿಎಂಗಿಂತ ಕಡಿಮೆ ಇದ್ದರೆ, ಸಾಧಾರಣ ಕೆಲಸಕ್ಕೆ 8 ಗಂಟೆ. ತೇವಾಂಶ ಶೇ. 85 ದಾಟಿದರೆ ಅದರ ಅರ್ಧ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಈ ಅರ್ಧದ ಲೆಕ್ಕವನ್ನೇ ಹಿಡಿಯಿರಿ. ಭಾರ ಎತ್ತುವ, ಏದುಸಿರು ಬರಿಸುವ ಕೆಲಸವಾದರೆ ಇನ್ನೂ ಕಡಿಮೆ. ಸ್ಕ್ರೀನ್ ತೊಳೆಯಲು ಅಸಿಟೋನ್ ಬಳಸುವವರಿಗೆ ಈ ಲೆಕ್ಕವೇ ಅನ್ವಯಿಸದು: ಅದು 56 ಡಿಗ್ರಿಗೇ ಕುದಿಯುವುದರಿಂದ ಇದ್ದಿಲನ್ನು ಬೇಗ ದಾಟುತ್ತದೆ, ರಾತ್ರಿ ಬಿಟ್ಟಿಟ್ಟರೆ ಒಳಗೊಳಗೇ ಸರಿದು ಬೆಳಿಗ್ಗೆ ಮೊದಲ ಉಸಿರಿಗೇ ಬರುತ್ತದೆ. ಅಂಥ ಕಾರ್ಟ್ರಿಜ್ ಮರುದಿನಕ್ಕೆ ಬೇಡ. ಮಾಸ್ಕನ್ನು ಇಂಕ್ ಡಬ್ಬಿಗಳ ಪಕ್ಕ ಮೊಳೆಗೆ ನೇತುಹಾಕಿದರೆ ಹಾಕದೆಯೇ ಕಾರ್ಟ್ರಿಜ್ ಮುಗಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ. ತೊಳೆಯುವಾಗ ಕಾರ್ಟ್ರಿಜ್ ಬಿಚ್ಚಿ, ಮುಖದ ಭಾಗವನ್ನು ಮಾತ್ರ ಉಗುರುಬೆಚ್ಚನೆ ಸೋಪಿನ ನೀರಿನಲ್ಲಿ ತೊಳೆಯಿರಿ. ಥಿನ್ನರ್ ಹಾಕಿ ಒರೆಸಬೇಡಿ, ರಬ್ಬರ್ ಹಾಳಾಗುತ್ತದೆ.

ಇನ್ನು ಗ್ಲೌಸ್. ಆಸ್ಪತ್ರೆಯ ತೆಳು ಲೇಟೆಕ್ಸ್ ಅಥವಾ ತೆಳು ನೈಟ್ರೈಲ್ ಗ್ಲೌಸ್ ಸ್ಕ್ರೀನ್ ಒರೆಸಲು ಬೇಡ. ಸಾಲ್ವೆಂಟ್ ನಿಮಿಷಗಳಲ್ಲಿ ಅದನ್ನು ದಾಟಿ ಒಳಗೆ ನಿಲ್ಲುತ್ತದೆ, ಬರಿಗೈಯಾದರೂ ಆರುತ್ತಿತ್ತು. ಸೆಲೊಸಾಲ್ವ್, ಸೈಕ್ಲೋಹೆಕ್ಸನೋನ್, ಅಸಿಟೋನ್‌ಗೆ ಬ್ಯೂಟೈಲ್ ರಬ್ಬರ್ ಗ್ಲೌಸ್ ಸರಿ. ಆದರೆ ಟಾಲ್ಯೂಯಿನ್ ಇರುವ ಥಿನ್ನರ್‌ಗೆ ಬ್ಯೂಟೈಲ್ ನಿಲ್ಲುವುದಿಲ್ಲ. ಅದಕ್ಕೆ ವೈಟಾನ್ ಎಂಬ ಬೇರೆ ರಬ್ಬರಿನ ಗ್ಲೌಸ್ ಅಥವಾ ಪದರಪದರದ ಲ್ಯಾಮಿನೇಟ್ ಗ್ಲೌಸ್ ಬೇಕು. ಎರಡೂ ಬೆರೆತ ಮಿಶ್ರಣವಾದರೆ ಲ್ಯಾಮಿನೇಟ್ ಒಳಗೆ, ಮೇಲೆ ದಪ್ಪ ನೈಟ್ರೈಲ್. ಬ್ಯೂಟೈಲ್ ಗ್ಲೌಸ್ ದುಬಾರಿ, ಬೆರಳು ಸಲೀಸಾಗಿ ಆಡುವುದಿಲ್ಲ, ಅದು ನಿಜ. ಆದರೂ ಹಣ ಒಂದಕ್ಕೇ ಸಾಲುವುದಾದರೆ, ಸ್ಕ್ರೀನ್ ಒರೆಸುವವರಿಗೆ ಮಾಸ್ಕಿಗಿಂತ ಮೊದಲು ಗ್ಲೌಸ್ ಕೊಡಿಸಬೇಕು ಎಂಬುದೇ ನಮ್ಮ ಅಭಿಪ್ರಾಯ.

ಇವೆಲ್ಲಕ್ಕಿಂತ ಅಗ್ಗದ ಉಪಾಯ ಸಾಲ್ವೆಂಟನ್ನೇ ಬದಲಿಸುವುದು. ಇಂಕ್, ರಿಟಾರ್ಡರ್ (ಇಂಕ್ ಬೇಗ ಒಣಗದಂತೆ ತಡೆಯುವ ದ್ರವ), ಥಿನ್ನರ್ ಮಾರುವವರಿಂದ ಎಸ್‌ಡಿಎಸ್ ಹಾಳೆ (ರಾಸಾಯನಿಕದ ಸುರಕ್ಷತಾ ವಿವರ ಪತ್ರ) ಕೇಳಿ. ಎರಡನೇ ವಿಭಾಗದಲ್ಲಿ ಎಚ್360 ಎಂದಿದ್ದರೆ ಸಂತಾನಶಕ್ತಿಗೋ ಭ್ರೂಣಕ್ಕೋ ಹಾನಿ ಮಾಡಬಲ್ಲದು ಎಂದರ್ಥ. ಎಚ್361 ಎಂದರೆ ಅನುಮಾನವಿದೆ. ಎಚ್362 ಎಂದರೆ ಎದೆಹಾಲಿನ ಮೂಲಕ ಮಗುವಿಗೆ ತೊಂದರೆ. ಮೂರನೇ ವಿಭಾಗದಲ್ಲಿ 109-86-4, 110-80-5, 111-15-9 ಈ ರಾಸಾಯನಿಕ ಗುರುತು ಸಂಖ್ಯೆಗಳನ್ನು ಹುಡುಕಿ: ಮೀಥೈಲ್, ಈಥೈಲ್, ಈಥೈಲ್ ಅಸಿಟೇಟ್ ಬಗೆಗಳು. ಇವಿದ್ದರೆ ಡಬ್ಬಿ ವಾಪಸ್ ಮಾಡಿ ಪಿಎಂ ಅಸಿಟೇಟ್ (108-65-6) ಎಂಬ ಬದಲಿ ಸಾಲ್ವೆಂಟ್ ಕೇಳಿ. ಅದರಲ್ಲೂ ಬೀಟಾ ಐಸೋಮರ್ ಎಂಬ ಕಲ್ಮಶ ಭ್ರೂಣಕ್ಕೆ ಕೆಟ್ಟದ್ದು, ಅದು ಕಡಿಮೆ ಇರುವ ದರ್ಜೆಯನ್ನೇ ತರಿಸಿ. ಬದಲಿ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಕೊಳ್ಳಬೇಡಿ. 1995ರಲ್ಲಿ ದಕ್ಷಿಣ ಕೊರಿಯಾದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಫ್ರಿಯಾನ್ ಬದಲಿಗೆ ತಂದ 2-ಬ್ರೋಮೋಪ್ರೊಪೇನ್ ಸಾಲ್ವೆಂಟ್‌ನಿಂದ ಹಲವು ಹೆಣ್ಣುಮಕ್ಕಳ ಮುಟ್ಟು ನಿಂತಿತು, ಕೆಲವು ಗಂಡಸರಲ್ಲಿ ವೀರ್ಯಾಣು ಕಡಿಮೆಯಾಯಿತು ಇಲ್ಲವೇ ಪೂರ್ತಿ ಇಲ್ಲವಾಯಿತು.

ಗರ್ಭಿಣಿಗೆ, ಗರ್ಭ ಬಯಸುತ್ತಿರುವವರಿಗೆ ಈ ಮಾಸ್ಕ್ ಕೊಟ್ಟು ಅದೇ ಮೇಜಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಭ್ರೂಣದ ಅಂಗಗಳು ರೂಪುಗೊಳ್ಳುವುದು ಮೂರರಿಂದ ಎಂಟನೇ ವಾರದೊಳಗೆ, ಎಷ್ಟೋ ಸಲ ಬಸಿರು ತಿಳಿಯುವ ಮೊದಲೇ. ಆದ್ದರಿಂದ ಒಣಗಿಸುವ, ತೊಳೆಯುವ ಜಾಗದಿಂದ ದೂರದ ಕೆಲಸಕ್ಕೆ, ಸಂಬಳ ಕಡಿತವಿಲ್ಲದೆ, ಮುಂಚೆಯೇ ಬದಲಿಸಬೇಕು. ಗಂಡಸರು ವೀರ್ಯ ಪರೀಕ್ಷೆ ಮಾಡಿಸುವುದಾದರೆ, ಸಾಲ್ವೆಂಟ್ ಬಿಟ್ಟ ಮರುವಾರವೇ ಓಡಬೇಡಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಹಿಡಿಯುತ್ತದೆ. ಮೂರು ತಿಂಗಳ ನಂತರದ ವರದಿಯಲ್ಲಿ ಬದಲಾವಣೆ ಕಾಣಬೇಕು. ವೈದ್ಯರ ಬಳಿ ಹೋಗುವಾಗ ಎಸ್‌ಡಿಎಸ್ ಹಾಳೆಯ ಪ್ರತಿ ಕೈಯಲ್ಲಿರಲಿ.