ಟೆಸ್ಟ್ ಬಟನ್ ಒತ್ತಿದರೆ ಕೂಗುತ್ತೆ ಅಂತ ಅಲಾರಂ ನಂಬಬೇಡಿ

ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇರುವವರು ದಯವಿಟ್ಟು ಇದನ್ನು ಓದಿ. ಬಾಡಿಗೆ ಮನೆಯವರಂತೂ ಖಂಡಿತ ಓದಿ.

ಮೈಸೂರಿನ ಕುವೆಂಪುನಗರದಲ್ಲಿ ನಾವು ಬಾಡಿಗೆಗೆ ಹೋದ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮೊದಲೇ ಇತ್ತು, ಅಂದರೆ ಗೀಸರ್‌ನಿಂದ ಹುಟ್ಟಬಹುದಾದ ಆ ವಿಷಾನಿಲ ತುಂಬಿಕೊಂಡರೆ ಕೂಗಿ ಎಚ್ಚರಿಸುವಂಥದ್ದು. ಓನರ್ ಬಟನ್ ಒತ್ತಿ ಕೂಗಿಸಿ ತೋರಿಸಿದರು. "ಚೆನ್ನಾಗಿದೆ, ಯೋಚನೆ ಮಾಡಬೇಡಿ" ಅಂದರು. ಅಮ್ಮ ತಿಂಗಳಿಗೊಮ್ಮೆ ತಪ್ಪದೆ ಬಟನ್ ಒತ್ತುತ್ತಿದ್ದರು. ಪ್ರತಿ ಸಲವೂ ಕೂಗುತ್ತಿತ್ತು.

ಧನುರ್ಮಾಸದ ಚಳಿ. ಸ್ನಾನಕ್ಕೆ ಹೋದ ತಂಗಿ ಎಷ್ಟು ಕೂಗಿದರೂ ಓಗೊಡಲಿಲ್ಲ. ಒಳಗೆ ನೀರು ಬೀಳುವ ಸದ್ದು ಮಾತ್ರ. ಪಕ್ಕದ ಮನೆಯವರು ಬಂದು ಚಿಲಕ ಮುರಿದರು. ಅವಳಿಗೆ ಪ್ರಜ್ಞೆ ಇರಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲೇ ಇದ್ದ ಅಲಾರಂ ಮಾತ್ರ ತುಟಿ ಪಿಟಕ್ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ಬೆರಳಿಗೆ ಹಾಕಿದ ಆಕ್ಸಿಮೀಟರ್ ಆಮ್ಲಜನಕ 98% ಅಂತ, ಅಂದರೆ ಎಲ್ಲ ಸರಿಯಿದೆ ಅಂತ ತೋರಿಸುತ್ತಿತ್ತು. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿನ ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಗ್ಯಾಸ್ ಗೀಸರ್ ಇದೆ ಎಂದು ನಾವು ಹೇಳಿದ ಮೇಲೆ ಡಾಕ್ಟರ್ ಬೇರೆ ರಕ್ತಪರೀಕ್ಷೆ ಮಾಡಿಸಿದರು. ಆಮ್ಲಜನಕ ಕೊಟ್ಟ ಮೇಲೆ ಚೇತರಿಸಿಕೊಂಡಳು. ಮನೆಯಲ್ಲಿ ಗ್ಯಾಸ್ ಗೀಸರ್ ಇದೆ ಅನ್ನುವುದನ್ನು ನೀವೂ ಡಾಕ್ಟರ್‌ಗೆ ಮೊದಲೇ ಬಾಯಿಬಿಟ್ಟು ಹೇಳಿ.

ಆಮೇಲೆ ಅಲಾರಂ ಬಿಚ್ಚಿ ನೋಡಿದರೆ, ಬದಲಾಯಿಸಬೇಕಾದ ದಿನಾಂಕ ಹಿಂಬದಿಯಲ್ಲೇ ಅಚ್ಚಾಗಿತ್ತು. ಅದು ಮುಗಿದು ವರ್ಷಗಳೇ ಆಗಿದ್ದವು. ಆ ಬಟನ್ ಬ್ಯಾಟರಿ, ಸರ್ಕ್ಯೂಟ್, ಸದ್ದು ಸರಿಯಿದೆಯಾ ಅಂತ ಮಾತ್ರ ನೋಡುತ್ತದೆ. ಅನಿಲವನ್ನು ಗುರುತಿಸುವ ಸೆನ್ಸರ್ ಬದುಕಿದೆಯೋ ಇಲ್ಲವೋ ಹೇಳುವುದಿಲ್ಲ. ಸೆನ್ಸರ್ ಬಾಳಿಕೆ ಸಾಮಾನ್ಯವಾಗಿ 5ರಿಂದ 10 ವರ್ಷ, ಅಷ್ಟೇ. ಇವತ್ತೇ ನಿಮ್ಮ ಅಲಾರಂ ತಿರುಗಿಸಿ ನೋಡಿ. ಬಟನ್ ಒತ್ತುವುದನ್ನೂ ಬಿಡಬೇಡಿ, ಬ್ಯಾಟರಿ ಸರಿಯಿದೆಯಾ ಅಂತ ತಿಳಿಯಲು ಅದು ಬೇಕೇ ಬೇಕು. ಆಗಾಗ ಒಂದೊಂದೇ ಸಲ ಕೀಚ್ ಎನ್ನುತ್ತಿದ್ದರೆ ಬ್ಯಾಟರಿ ಇಳಿದಿರಬಹುದು ಅಥವಾ ಅಲಾರಂ ಆಯಸ್ಸು ಮುಗಿದಿರಬಹುದು. ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಸ್ಪ್ರೇ, ಫಿನೈಲ್ ಹತ್ತಿರ ತರಬೇಡಿ. ಬಚ್ಚಲೊಳಗೆ ಹಾಕಬೇಡಿ, ಹಬೆಗೆ ಕೆಡುತ್ತದೆ.

ಅಂಗಡಿಯಲ್ಲಿ "ಗ್ಯಾಸ್ ಅಲಾರಂ" ಅಂತ ಕೊಡುವುದು ಎಷ್ಟೋ ಸಲ ಎಲ್‌ಪಿಜಿ ಸೋರಿಕೆಯದ್ದು. ಅದು ಇದಕ್ಕೆ ಆಗುವುದಿಲ್ಲ. ಸಿಲಿಂಡರ್ ಗ್ಯಾಸ್‌ಗೆ ವಾಸನೆ ಸೇರಿಸಿರುತ್ತಾರೆ, ಸೋರಿದರೆ ಮೂಗಿಗೆ ಬಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಪಿತ್ತ ಅಂತ ಸುಮ್ನೆ ಮಲಗಬೇಡಿ. ಎಲ್ಲರೂ ಹೊರಗೆ ಬಂದು 108ಕ್ಕೆ ಫೋನ್ ಮಾಡಿ.

ಅಲಾರಂ ಎಷ್ಟೇ ಹೊಸದಿರಲಿ, ಗೀಸರ್ ಬಚ್ಚಲೊಳಗೆ ಇರಲೇಬಾರದು. ಹೊರಗಿನ ಗೋಡೆಗೆ ಹಾಕಿಸಿಕೊಡಿ ಎಂದು ಓನರನ್ನು ಕೇಳಿದೆವು. ಅವರು ಒಪ್ಪಲಿಲ್ಲ, ನಾವು ಮನೆ ಬಿಟ್ಟೆವು. ನೀವು ಮನೆ ನೋಡಲು ಹೋದಾಗ ಅಡ್ವಾನ್ಸ್ ಕೊಡುವ ಮೊದಲೇ ಈ ಮಾತು ಎತ್ತಿ.